ಸೀನಿನ ಸದ್ದು ಎಲ್ಲಿ ಹೋಯಿತು? ಒಂದು ಸ್ವೀಡಿಷ್ ಕ್ರಿಯಾಪದದ ಮೂಲ

ಏಪ್ರಿಲ್ ಕೊನೆಯ ಹೊತ್ತಿಗೆ ಸ್ವೀಡನ್ನಿನಲ್ಲಿ ಬರ್ಚ್ ಮರಗಳ ಪರಾಗ ಗಾಳಿಗೆ ಹಾರತೊಡಗುತ್ತದೆ. ಸ್ಟಾಕ್‌ಹೋಮಿನ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯದವರು ಪರಾಗ ಎಷ್ಟಿದೆಯೆಂದು ಅಳೆದು ಮುನ್ಸೂಚನೆ ಕೊಡುತ್ತಾರೆ. ಜನ ಹವಾಮಾನ ನೋಡುವ ಹಾಗೆ ಅದನ್ನೂ ನೋಡಿಕೊಂಡೇ ಮನೆಯಿಂದ ಹೊರಡುತ್ತಾರೆ. ಆ ಕೆಲವು ವಾರ ಬಸ್ಸು, ಕಚೇರಿ, ಶಾಲೆ ಎಲ್ಲ ಕಡೆ ಸೀನೋ ಸೀನು. ಸೀನುವುದಕ್ಕೆ ಅಲ್ಲಿನ ಕ್ರಿಯಾಪದ 'ನ್ಯೂಸ'. ಕನ್ನಡ ಲಿಪಿಯಲ್ಲಿ ಅದನ್ನು ಸರಿಯಾಗಿ ಬರೆಯಲು ಬರುವುದಿಲ್ಲ. ತುಟಿಗಳನ್ನು 'ಊ' ಎನ್ನುವಾಗಿನಂತೆ ಗುಂಡಗೆ ಮಾಡಿಕೊಂಡು, ನಾಲಿಗೆಯನ್ನು ಮಾತ್ರ 'ಈ' ಎನ್ನುವಾಗಿನ ಜಾಗದಲ್ಲಿಟ್ಟರೆ ಅದರ ಸ್ವರ ಹೊರಡುತ್ತದೆ. 2020ರಲ್ಲಿ ಕೋವಿಡ್ ಹರಡಿದಾಗ ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಕೆಮ್ಮು ಸೀನು ಬಂದರೆ ಮೊಣಕೈಯ ಮಡಿಚಿಗೆ ಮುಖ ಕೊಡಿ ಎಂದು ಹೇಳಿತ್ತಲ್ಲ, ಆಗ ಈ ಪದ ಗೋಡೆಗೋಡೆಯ ಮೇಲೂ ಇತ್ತು.

ಇದರ ಮೂಲ ಏನೆಂದು ಕೇಳಿದರೆ ಸಿದ್ಧವಾಗಿರುವ ಉತ್ತರ ಒಂದೇ: ಸದ್ದಿನ ಅನುಕರಣೆ. ಚಿಕ್ಕ ವಿಡಿಯೊಗಳಲ್ಲಿ, ಕೃತಕ ಬುದ್ಧಿಮತ್ತೆಯ ಉತ್ತರಗಳಲ್ಲಿ ಮಾತ್ರವೇ ಅಲ್ಲ, ಒಳ್ಳೆಯ ನಿಘಂಟುಗಳಲ್ಲೂ ಇಂಥ ಪದಗಳ ಮುಂದೆ ಸಾಮಾನ್ಯವಾಗಿ ಈ ಒಂದು ಮಾತೇ ಇರುತ್ತದೆ. ಅದು ತಪ್ಪೇನಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಪದದ ಮುಕ್ಕಾಲು ಚರಿತ್ರೆ ಬಿಟ್ಟುಹೋಗುತ್ತದೆ ಎಂಬುದು ನನ್ನ ತಕರಾರು. 'ನ್ಯೂಸ' ಎಂದು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ಸೀನಿನ ಸಿಡಿತ ಅದರಲ್ಲಿ ಎಲ್ಲಿದೆ? ಮೂಗಿನ 'ನ' ಇದೆ, ಗಾಳಿ ನುಸುಳುವ 'ಸ' ಇದೆ, ಒತ್ತಿ ಬಿಟ್ಟ ಹಾಗೆ ಸ್ಫೋಟಿಸುವ ವ್ಯಂಜನ ಒಂದೂ ಇಲ್ಲ. ಸೀನುವುದನ್ನು ನಟಿಸಿ ತೋರಿಸುವಾಗ ಸ್ವೀಡಿಷ್ ಮಕ್ಕಳು ಈ ಪದದ ಹತ್ತಿರವೂ ಸುಳಿಯುವುದಿಲ್ಲ. ನಮ್ಮ 'ಆಕ್ಷಿ'ಯ ಥರದ್ದೇ 'ಅತ್ಶೂ' ಎನ್ನುತ್ತಾರೆ. ಸದ್ದನ್ನು ನೋಡಿ ಮಾಡಿದ ಪದದಲ್ಲಿ ಸದ್ದೇ ಇಲ್ಲವೆಂದರೆ ಅದು ಎಲ್ಲೋ ಕಳೆದುಹೋಗಿರಬೇಕು. ಎಲ್ಲಿ, ಹೇಗೆ ಎಂಬುದನ್ನು ಸಾಕಷ್ಟು ಖಚಿತವಾಗಿಯೇ ಹೇಳಬಹುದು.

ಮೊದಲ ಸುಳಿವು ವ್ಯಾಕರಣದಲ್ಲಿದೆ. ಉದ್ಯೋಗಕ್ಕೆಂದು ಸ್ವೀಡನ್ನಿಗೆ ಹೋಗಿ ವಲಸಿಗರ ಭಾಷಾ ತರಗತಿಗೆ ಸೇರಿದ ಕನ್ನಡಿಗರಿಗೂ ಇದು ಬೇಗ ಎದುರಾಗುತ್ತದೆ. ಸ್ವೀಡಿಷಿನಲ್ಲಿ ಬಿಕ್ಕಳಿಸುವುದು 'ಹಿಕ್ಕ', ಕೆಮ್ಮುವುದು 'ಹೂಸ್ತ', ಆಕಳಿಸುವುದು 'ಯೆಸ್ಪ', ತೇಗುವುದು 'ರಾಪ', ಗೊರಕೆ ಹೊಡೆಯುವುದು 'ಸ್ನಾರ್ಕ'. ಇವೆಲ್ಲಕ್ಕೂ ಭೂತಕಾಲ ಒಂದೇ ಬಗೆಯದು, ಕೊನೆಗೆ 'ಅದೆ' ಸೇರಿಸಿದರೆ ಮುಗಿಯಿತು: ಹಿಕ್ಕದೆ, ರಾಪದೆ, ಸ್ನಾರ್ಕದೆ. ಇಂಟರ್ನೆಟ್ ಕಾಲದಲ್ಲಿ ಹುಟ್ಟಿದ 'ಗೂಗ್ಲ' ಕೂಡ ಗೂಗ್ಲದೆ ಆಗುತ್ತದೆ. ದೇಹದ ಈ ಬಳಗದಲ್ಲಿ ಸೀನು ಮಾತ್ರ ಬೇರೆ. 'ನ್ಯೂಸ' ಎಂಬುದರ ಭೂತಕಾಲ 'ನೊಸ್'. ಒಳಗಿನ ಸ್ವರವೇ ಬದಲಾಗುತ್ತದೆ, ಇಂಗ್ಲಿಷಿನ ಫ್ರೀಜ್ ಹೋಗಿ ಫ್ರೋಜ್ ಆಗುವಂತೆ. ಸ್ವೀಡಿಷಿನಲ್ಲಿ ಹೆಪ್ಪುಗಟ್ಟುವುದಕ್ಕೆ ಇರುವ 'ಫ್ರ್ಯೂಸ', 'ಫ್ರೊಸ್' ಇದಕ್ಕೆ ಸರಿಜೋಡಿ.

ಹೀಗೆ ಒಳಗಿನ ಸ್ವರ ಬದಲಿಸುವ ಕ್ರಿಯಾಪದಗಳನ್ನು ಸ್ವೀಡಿಷ್, ಇಂಗ್ಲಿಷ್, ಜರ್ಮನ್ ಮುಂತಾದವು ಸೇರಿದ ಜರ್ಮಾನಿಕ್ ಬಳಗದ ಭಾಷಾವ್ಯಾಸಂಗದಲ್ಲಿ ಬಲ ಕ್ರಿಯಾಪದ ಎನ್ನುತ್ತಾರೆ. ಅವು ಬಹುತೇಕ ಹಳೆಯ ಆಸ್ತಿ. ಇತ್ತೀಚೆಗೆ ಯಾರೋ ಸದ್ದು ಕೇಳಿ ಕಟ್ಟಿದ ಪದಕ್ಕೆ ಈ ರೂಪ ಸಾಮಾನ್ಯವಾಗಿ ಸಿಗುವುದಿಲ್ಲ. ಅಪರೂಪಕ್ಕೆ ಹೊಸ ಪದವೂ ಹಳೆಯದನ್ನು ನೋಡಿ ಹಾಗೆ ಬದಲಾಗಬಹುದು, ಆದ್ದರಿಂದ ಒಂದೇ ಭಾಷೆಯ ಸಾಕ್ಷಿ ಸಾಲದು. ಇಲ್ಲಿ ಎರಡಿವೆ. ಐಸ್‌ಲ್ಯಾಂಡ್ ಮತ್ತು ನಾರ್ವೆಯ ಹಳೆಯ ಬರಹಗಳ ಪ್ರಾಚೀನ ನಾರ್ಸ್‌ನಲ್ಲಿ ಸೀನುವುದು 'ಹ್ನ್ಯೋಸ', ಸೀನಿದ 'ಹ್ನೌಸ್'. ದಕ್ಷಿಣದ ಪ್ರಾಚೀನ ಜರ್ಮನ್ನಿನಲ್ಲಿ 'ನಿಯೊಸನ್', ಅದೂ ಇದೇ ವರ್ಗದ ಬಲ ಕ್ರಿಯಾಪದ. ಇಂದಿನ ಜರ್ಮನ್ 'ನೀಜನ್' ಅದರ ಮಗು, ಡಚ್ 'ನೀಜನ್' ಅದರ ಹತ್ತಿರದ ನಂಟ. ಇಷ್ಟು ದೂರದ ಎರಡು ಕವಲುಗಳಲ್ಲಿ ಒಂದೇ ರೂಪವಿದ್ದರೆ ಕವಲೊಡೆಯುವ ಮೊದಲೇ ಆ ಪದ ಇತ್ತೆಂದು ಅರ್ಥ. ಅಂದರೆ ಸ್ವೀಡಿಷ್ ಎಂಬ ಭಾಷೆ ಹುಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲು.

ಈಗ ಆ ಹಳೆಯ ರೂಪದ ಮೊದಲಲ್ಲಿರುವ 'ಹ್' ನೋಡಿ. ನಾರ್ಸ್‌ನಲ್ಲಿ ಇತ್ತು, ಸ್ವೀಡಿಷಿನಲ್ಲಿ ಇಲ್ಲ. ಸೀನಿನ ಪದಕ್ಕೆ ಮಾತ್ರ ಆದ ಅಪಘಾತ ಇದಲ್ಲ. ಐಸ್‌ಲ್ಯಾಂಡಿನವರು ಉಂಗುರಕ್ಕೆ ಇವತ್ತಿಗೂ 'ಹ್ರಿಂಗುರ್' ಎನ್ನುತ್ತಾರೆ, ಸ್ವೀಡನ್ನಿನವರಿಗೆ ಅದು 'ರಿಂಗ್'. ಕತ್ತಿನ ಹಿಂಭಾಗ ಅಲ್ಲಿ 'ಹ್ನಕ್ಕಿ', ಇಲ್ಲಿ 'ನಕ್ಕೆ'. ನ, ರ, ಲಗಳ ಹಿಂದೆ ಪದದ ಮೊದಲಲ್ಲಿದ್ದ 'ಹ್' ಸ್ವೀಡಿಷಿನಲ್ಲಿ ಸಾರಾಸಗಟಾಗಿ ಬಿದ್ದುಹೋಗಿದೆ. ಹಳೆಯ ಸ್ವೀಡಿಷಿನ ಬರಹಗಳಿಗೆ ಬರುವಷ್ಟರಲ್ಲಿ ನಮಗೆ ಸಿಗುವ ರೂಪ 'ನಿಯುಸ'.

ಆ 'ಹ್' ಕೂಡ ಮೂಲದ್ದಲ್ಲ. 1818ರಲ್ಲಿ ಡೆನ್ಮಾರ್ಕಿನ ರಾಸ್ಮಸ್ ರಾಸ್ಕ್, 1822ರಲ್ಲಿ ಜರ್ಮನಿಯ ಯಾಕೊಬ್ ಗ್ರಿಮ್ ತೋರಿಸಿಕೊಟ್ಟ ಧ್ವನಿನಿಯಮದ ಪ್ರಕಾರ ಜರ್ಮಾನಿಕ್ ಭಾಷೆಗಳ 'ಹ' ಬಹುಮಟ್ಟಿಗೆ ಹಳೆಯ 'ಕ'ಕಾರದಿಂದ ಬಂದದ್ದು, 'ಫ' ಬಂದದ್ದು 'ಪ'ಕಾರದಿಂದ. ಲ್ಯಾಟಿನ್, ಸಂಸ್ಕೃತಗಳು ಈ ಭಾಷೆಗಳ ದೂರದ ನಂಟರು: ಲ್ಯಾಟಿನ್ನಿನ ನೂರು 'ಕೆಂಟುಮ್', ಸ್ವೀಡಿಷಿನ ನೂರು 'ಹುಂಡ್ರ'. ಸಂಸ್ಕೃತದ 'ಪಿತೃ', ಸ್ವೀಡಿಷಿನ 'ಫಾದೆರ್'. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಹಳಗನ್ನಡದ 'ಪಾಲ್' ನಮ್ಮ 'ಹಾಲು' ಆಯಿತು, ಹಳ್ಳಿಯ ಎಷ್ಟೋ ಬಾಯಲ್ಲಿ ಅದೇ 'ಆಲು'. ಸ್ಪರ್ಶ ವ್ಯಂಜನ ಮೊದಲು ಬರೀ ಉಸಿರಾಗಿ, ಆಮೇಲೆ ಆ ಉಸಿರೂ ಅಡಗಿ ಹೋಗುವ ದಾರಿ ಇದು. ಸ್ವೀಡನ್ನಿನ ಸೀನು ನಡೆದದ್ದೂ ಇದೇ ದಾರಿಯಲ್ಲಿ: 'ಕ್ನ್' ಎಂದು ಶುರುವಾಗುತ್ತಿದ್ದದ್ದು 'ಹ್ನ್' ಆಯಿತು, ಕೊನೆಗೆ ಬರೀ 'ನ್' ಉಳಿಯಿತು.

ಕಳೆದುಹೋದ ಸದ್ದು ಇಲ್ಲಿ ಸಿಗುತ್ತದೆ. ಆ ಹಳೆಯ ಬೇರನ್ನು 'ಕ್ನೆಉಸ್' ಎಂದು ಹೇಳಿ ನೋಡಿ: ಗಂಟಲಲ್ಲಿ ತಡೆದ ಗಾಳಿ ಒಮ್ಮೆಲೇ ಸಿಡಿದು, ಮೂಗಿನಿಂದ ಹೊರಟು, 'ಸ್' ಎಂದು ಮುಗಿಯುತ್ತದೆ. ಸೀನು ನಡೆಯುವ ಕ್ರಮವೇ ಅದು. ಸುಮಾರು ಎರಡೂವರೆ ಸಾವಿರ ವರ್ಷದ ಹಿಂದೆ ಉತ್ತರ ಯುರೋಪಿನ ಜನರ ಬಾಯಲ್ಲಿ 'ಕ' ಸಡಿಲಗೊಂಡಾಗ ಸೀನಿನ ಸಿಡಿತವೂ ಅದರ ಜೊತೆಗೇ ಹೋಯಿತು. ಇದು ಸದ್ದಿನಿಂದ ಹುಟ್ಟಿದ ಪದ, ಇದನ್ನು ಹಾಗೇ ಬಿಡೋಣ ಎಂದು ಧ್ವನಿನಿಯಮ ರಿಯಾಯಿತಿ ತೋರಿಸಲಿಲ್ಲ.

ಕೆಮ್ಮಿನ ಪದದಲ್ಲಿ ಇದು ಇನ್ನೂ ಸ್ಪಷ್ಟ, ಅದರ ಒಂದು ತುದಿ ನಮ್ಮ ಮನೆಯಂಗಳದಲ್ಲೇ ಇದೆ. ಆಯುರ್ವೇದದಲ್ಲಿ ಕೆಮ್ಮಿಗೆ 'ಕಾಸ'. ಶ್ವಾಸಕಾಸ ಎಂಬ ಮಾತು ಕನ್ನಡದ ಔಷಧದ ಬಾಟಲಿಗಳ ಮೇಲೂ ಕಾಣುತ್ತದೆ. ಲಿಥುವೇನಿಯನ್ ಭಾಷೆಯಲ್ಲಿ ಕೆಮ್ಮುವುದು 'ಕೊಸೇತಿ', ರಷ್ಯನ್ನಿನಲ್ಲಿ ಕೆಮ್ಮು 'ಕಾಶೆಲ್'. ಇದೇ ಬೇರು ಜರ್ಮಾನಿಕ್ ಕವಲಿಗೆ ಬಂದು 'ಕ' ಕಳೆದುಕೊಂಡು ಜರ್ಮನ್ನಿನ 'ಹೂಸ್ಟೆನ್', ಸ್ವೀಡಿಷಿನ 'ಹೂಸ್ತ' ಆಗಿದೆ. ಗಂಟಲನ್ನು ಕೆರೆದಂತೆ ಕೇಳುವ 'ಕಾಸ್' ಎಲ್ಲಿ, ಮೆತ್ತಗಿನ 'ಹೂಸ್ತ' ಎಲ್ಲಿ! ಕನ್ನಡದ 'ಕೆಮ್ಮು' ಬೇರೆಯದೇ ಕುಟುಂಬದ್ದು, ಅದರ 'ಕೆ' ಇನ್ನೂ ಗಟ್ಟಿಯಾಗಿದೆ.

ಸೀನಿಗೂ ಸಂಸ್ಕೃತದ ನಂಟು ಹೇಳುವವರಿದ್ದಾರೆ. ಸಂಸ್ಕೃತದಲ್ಲಿ ಸೀನುವ ಧಾತು 'ಕ್ಷು'. ಬಲವಂತವಾಗಿ ತಡೆಯಬಾರದೆಂದು ಚರಕಸಂಹಿತೆ ಹೇಳುವ ಹದಿಮೂರು ವೇಗಗಳಲ್ಲಿ, ಎಂದರೆ ದೇಹದ ಸಹಜ ಒತ್ತಡಗಳಲ್ಲಿ, 'ಕ್ಷವಥು', ಅಂದರೆ ಸೀನು, ಒಂದು. 'ಕ್ಷು' ಮತ್ತು 'ಕ್ನೆಉಸ್' ಒಂದೇ ಬೇರಿನವು ಎಂಬ ವಾದ ಹಳೆಯದು. ನನಗೆ ಅದು ಕೆಮ್ಮಿನ ನಂಟಿನಷ್ಟು ಗಟ್ಟಿ ಅನ್ನಿಸುವುದಿಲ್ಲ. 'ಕಾಸ'ದಿಂದ 'ಹೂಸ್ತ'ಕ್ಕೆ ಒಂದೊಂದು ಧ್ವನಿಗೂ ಲೆಕ್ಕ ಸಿಗುತ್ತದೆ. ಇಲ್ಲಿ ಒಂದು ಕಡೆ 'ನ' ಇದೆ, ಇನ್ನೊಂದು ಕಡೆ ಇಲ್ಲ, ಒಂದು ಕಡೆ 'ಸ' ಮೊದಲಲ್ಲಿ, ಇನ್ನೊಂದು ಕಡೆ ಕೊನೆಯಲ್ಲಿ. ಒಂದೇ ಸದ್ದನ್ನು ಕೇಳಿದ ಎರಡು ಜನಾಂಗ ಬೇರೆಬೇರೆಯಾಗಿ ಹತ್ತಿರದ ಪದಗಳನ್ನು ಕಟ್ಟಿಕೊಂಡಿರುವುದೂ ಸಾಧ್ಯ. ಅನುಕರಣೆಯ ಪದಗಳಲ್ಲಿ ನಂಟು ಹೇಳುವಾಗ ಈ ಎಚ್ಚರ ಬೇಕು: ಹೋಲಿಕೆ ಸುಲಭವಾಗಿ ಸಿಗುತ್ತದೆ, ಅದಕ್ಕೇ ಅದರ ಬೆಲೆ ಕಡಿಮೆ. ಹೋಲಿಕೆ ಸಿಗಲೇಬೇಕೆಂದೂ ಇಲ್ಲ. ತಮಿಳು, ತೆಲುಗುಗಳಲ್ಲಿ ಸೀನುವುದಕ್ಕೆ 'ತುಮ್ಮು' ಎನ್ನುತ್ತಾರೆ, ಪಕ್ಕದ ಮನೆಯ ಕನ್ನಡದಲ್ಲಿ 'ಸೀನು'.

ಸ್ವೀಡಿಷಿನಲ್ಲಿ ಈ ಪದಕ್ಕೆ ಒಬ್ಬ ಜೊತೆಗಾರ ಇದ್ದಾನೆ: 'ಫ್ನ್ಯೂಸ'. ಮೂಗಿನಿಂದ ಬುಸ್ಸೆನ್ನುವುದು, ಕುದುರೆಯ ಹಾಗೆ. ಮನುಷ್ಯರ ಬಗ್ಗೆ ಹೇಳಿದರೆ ತಿರಸ್ಕಾರದಿಂದ ಮೂಗು ಮುರಿಯುವುದು. ಬರೀ ಒಂದು 'ಫ್' ವ್ಯತ್ಯಾಸ. ಈ 'ಫ್ನ್' ಹಳೆಯ 'ಪ್ನ್' ಎಂಬುದರಿಂದ ಬಂದದ್ದು, ಗ್ರೀಕಿನಲ್ಲಿ ಉಸಿರಿಗೆ ಹೇಳುವ 'ಪ್ನೆಯುಮಾ' ಅದೇ ಬೇರು. ಹೀಗೆ 'ಕ್ನ್' ಮತ್ತು 'ಪ್ನ್' ಎಂಬ ಎರಡು ಬೇರುಗಳು ಅಕ್ಕಪಕ್ಕ ಬೆಳೆದು, ಒಂದು ಸೀನಿಗೂ ಇನ್ನೊಂದು ಬುಸುಗುಟ್ಟುವುದಕ್ಕೂ ನಿಂತವು. ಅಕ್ಕಪಕ್ಕದವರು ಒಬ್ಬರನ್ನೊಬ್ಬರು ತಿದ್ದಿಕೊಂಡ ಗುರುತೂ ಇದೆ ಎಂದು ನನ್ನ ಊಹೆ. ಹಳೆಯ ಸ್ವೀಡಿಷಿನಲ್ಲಿ ಅನುಭವಿಸಿ ಸುಖಿಸುವುದಕ್ಕೆ 'ನಿಯುತ', ಸೀನುವುದಕ್ಕೆ 'ನಿಯುಸ'. ಇಂದಿನ ಸ್ವೀಡಿಷಿನಲ್ಲಿ ಮೊದಲನೆಯದು 'ನ್ಯುತ' ಆಗಿ ತನ್ನ 'ಯು' ಉಳಿಸಿಕೊಂಡಿದೆ, ಎರಡನೆಯದು ಮಾತ್ರ ಆ ವಿಶಿಷ್ಟ ಗುಂಡುತುಟಿಯ 'ಈ' ಸ್ವರಕ್ಕೆ ಜಾರಿದೆ. ಒಂದೇ ಅಚ್ಚಿನ ಎರಡು ಪದ ಬೇರೆಬೇರೆ ದಾರಿ ಹಿಡಿದಿದ್ದರೆ ಕಾರಣ ಹೊರಗಿನಿಂದ ಬಂದಿರಬೇಕು. ಬುಸುಗುಟ್ಟುವ 'ಫ್ನ್ಯೂಸ', ಮೂಗು ಸೀಟುವ 'ಸ್ನ್ಯೂತ', ಹೆಪ್ಪುಗಟ್ಟುವ 'ಫ್ರ್ಯೂಸ' ಎಲ್ಲದರಲ್ಲೂ ಆ ಸ್ವರವೇ ಇದೆ. ಅರ್ಥದಲ್ಲೂ ರೂಪದಲ್ಲೂ ಹತ್ತಿರದ ಈ ಬಳಗ ಸೀನನ್ನು ತನ್ನ ಕಡೆ ಎಳೆದುಕೊಂಡಿದೆ.

ಇಂಗ್ಲಿಷಿನಲ್ಲಿ ನಡೆದದ್ದು ಇನ್ನೊಂದು ಬಗೆ. ಹಳೆಯ ಇಂಗ್ಲಿಷರು 'ಫ್ನೇಓಸನ್' ಎನ್ನುತ್ತಿದ್ದರು, 14ನೇ ಶತಮಾನದ ಕೊನೆಯಲ್ಲಿ ಬರೆಯುತ್ತಿದ್ದ ಚಾಸರ್ ಕವಿಯಲ್ಲಿ ಈ 'ಫ್ನ್' ಇನ್ನೂ ಇದೆ. ಇಂದು ಅದು 'ಸ್ನೀಜ್'. 'ಫ್' ಹೋಗಿ 'ಸ್' ಬಂದದ್ದು ಹೇಗೆ? ಹಳೆಯ ಅಚ್ಚಿನಲ್ಲಿ ಉದ್ದ ಕಾಲಿನ 'ಎಸ್' ಅಕ್ಷರ 'ಎಫ್' ಥರವೇ ಕಾಣುತ್ತಿತ್ತು, ಓದುವವರು ತಪ್ಪು ಓದಿದರು, ಪದವೇ ಬದಲಾಯಿತು ಎಂಬ ಕಥೆ ಇಂಟರ್ನೆಟ್ಟಿನಲ್ಲಿ ಬಹಳ ಓಡುತ್ತದೆ. ಕೇಳಲು ಚೆಂದ, ನಂಬಲು ಕಷ್ಟ. ಸೀನುವುದು ಪುಸ್ತಕ ಓದಿ ಕಲಿಯುವ ಪದವಲ್ಲ. ಅಕ್ಷರವೇ ಬಾರದ ಬಹುಸಂಖ್ಯಾತರ ಬಾಯಲ್ಲಿದ್ದ ಮಾತನ್ನು ಓದುಗರ ತಪ್ಪು ಹೇಗೆ ಬದಲಿಸೀತು? ಅದಲ್ಲದೆ ಇಂಗ್ಲಿಷಿನಲ್ಲಿ 'ಫ್ನ್' ಎಂದು ಶುರುವಾಗುವ ಪದಗಳೇ ಈಗ ಉಳಿದಿಲ್ಲ. ಆ ಜೋಡಿಯನ್ನೇ ಭಾಷೆ ಕೈಬಿಟ್ಟಿತು. ನಡುವೆ 'ಫ್' ಬಿದ್ದುಹೋದ 'ನೇಸ' ಎಂಬ ರೂಪವೂ ಚಾಲ್ತಿಯಲ್ಲಿತ್ತು, ಅಂದರೆ ಹೆಚ್ಚುಕಡಿಮೆ ಸ್ವೀಡಿಷಿನದೇ ಸ್ಥಿತಿ. ಮೂಗಿಗೆ ಸಂಬಂಧಿಸಿದ ಸ್ನೋರ್, ಸ್ನಿಫ್, ಸ್ನಾಟ್‌ಗಳ ಸಾಲಿನಲ್ಲಿ ನಿಲ್ಲಿಸಿ ಇಂಗ್ಲಿಷರ ಕಿವಿ ಅದಕ್ಕೊಂದು 'ಸ್' ಕೊಟ್ಟಿತು ಎನ್ನುವ ವಿವರಣೆ ನನಗೆ ಹೆಚ್ಚು ಒಪ್ಪಿಗೆ. ಸವೆದ ಪದಕ್ಕೆ ಕಿವಿ ಮತ್ತೆ ಸದ್ದು ತುಂಬಿಕೊಂಡಿತು. ಸ್ವೀಡಿಷಿನಲ್ಲೂ 'ಸ್ನ್' ಸಾಲು ದೊಡ್ಡದೇ: ನೆಗಡಿಗೆ 'ಸ್ನೂವ', ಸಿಂಬಳಕ್ಕೆ 'ಸ್ನೂರ್', ಒಂದು ಕಾಲಕ್ಕೆ ಮೂಗಿಗೇರಿಸಿ ಈಗ ತುಟಿಯಡಿ ಇಟ್ಟುಕೊಳ್ಳುವ ಹೊಗೆಸೊಪ್ಪಿನ ಪುಡಿಗೆ 'ಸ್ನೂಸ್'. ಆದರೂ ಸೀನು ಆ ಸಾಲಿಗೆ ಸೇರಲಿಲ್ಲ. ಅದರ ಗುಂಡುಸ್ವರ ಮತ್ತು ಬಲ ಕ್ರಿಯಾಪದದ ರೂಪ ಅದನ್ನು ತನ್ನ ಜಾಗದಲ್ಲೇ ಹಿಡಿದಿಟ್ಟಿರಬಹುದು. ಆ ಹಿಡಿತವೂ ಈಗ ಸಡಿಲವಾಗುತ್ತಿದೆ. 'ನೊಸ್' ಜೊತೆಗೆ 'ನ್ಯೂಸ್ತೆ' ಎಂಬ ಸಲೀಸು ಭೂತಕಾಲವೂ ಬಳಕೆಯಲ್ಲಿದೆ.

ಸೀನಿನ ಸದ್ದೇ ಎಲ್ಲರಲ್ಲೂ ಒಂದೇ ಅಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಪ್ರತಿಕ್ರಿಯೆ ಒಂದೇ: ಮೂಗಿನ ಒಳಪೊರೆಯ ನರ ಕೆರಳಿ ಮಿದುಳುಕಾಂಡಕ್ಕೆ ಸುದ್ದಿ ಮುಟ್ಟಿಸುತ್ತದೆ, ಎದೆ ಗಾಳಿ ತುಂಬಿಕೊಂಡು ಒಮ್ಮೆಲೇ ಹೊರಹಾಕುತ್ತದೆ. ಇಲಿಗಳಲ್ಲಿ ಈ ಸುದ್ದಿ ದಾಟಿಸುವ ರಾಸಾಯನಿಕ ಯಾವುದೆಂದು ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2021ರಲ್ಲಿ ಗುರುತಿಸಿದ್ದಾರೆ. ಆದರೆ ಆ ಗಾಳಿಗೆ 'ಆಕ್ಷಿ', 'ಅತ್ಶೂ' ಎಂಬ ದನಿ ಸೇರುವುದರಲ್ಲಿ ಕಲಿಕೆಯ ಪಾಲಿದೆ. ಹುಟ್ಟಿನಿಂದ ಕಿವಿ ಕೇಳದವರಲ್ಲಿ ಎಷ್ಟೋ ಜನರ ಸೀನು ಬರೀ ಉಸಿರು, ಅದಕ್ಕೆ ಈ ಉದ್ಗಾರ ಅಂಟಿರುವುದಿಲ್ಲ ಎಂದು ಕಿವುಡ ಸಮುದಾಯದವರೇ ಬರೆದುಕೊಂಡಿದ್ದಾರೆ. ಸದ್ದು ಕೇಳಿ ಪದ ಹುಟ್ಟಿತು ಎನ್ನುವಾಗ, ಪದ ಕೇಳಿಯೂ ಸದ್ದು ತಿದ್ದಿಕೊಳ್ಳುತ್ತದೆ ಎಂಬುದು ನೆನಪಿರಬೇಕು.

ಇದನ್ನೆಲ್ಲ ಇವತ್ತು ಯಾರು ಬೇಕಾದರೂ ಪರೀಕ್ಷಿಸಬಹುದು. ಲುಂಡ್ ಊರಿನಲ್ಲಿ ಸಂಪಾದನೆಗೊಳ್ಳುವ ಸ್ವೀಡಿಷ್ ಅಕಾಡೆಮಿಯ ದೊಡ್ಡ ನಿಘಂಟು 1883ರಲ್ಲಿ ಶುರುವಾಗಿ 2023ರಲ್ಲಿ ಕೊನೆಯ ಅಕ್ಷರ ಮುಟ್ಟಿತು. 39 ಸಂಪುಟ, 33,111 ಪುಟ. ಅಕಾಡೆಮಿ ಅದನ್ನು ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಇಟ್ಟಿದೆ. ಎಲೋಫ್ ಹೆಲ್‌ಕ್ವಿಸ್ಟ್ 1922ರಲ್ಲಿ ಮುಗಿಸಿದ ವ್ಯುತ್ಪತ್ತಿ ನಿಘಂಟೂ ಉಚಿತವಾಗಿ ಸಿಗುತ್ತದೆ. ಇಷ್ಟು ದೊಡ್ಡ ಕೆಲಸದಲ್ಲೂ ಕಾಲದ ಬಿರುಕುಗಳಿವೆ. ಪರಾಗದ ದಿನಗಳಲ್ಲಿ ಸ್ವೀಡನ್ನಿನವರು ದಿನಕ್ಕೆ ಹತ್ತು ಸಲ ಹೇಳುವ 'ಅಲರ್ಗಿ' ಎಂಬ ಪದ ಆ ನಿಘಂಟಿನ ಮೊದಲ ಸಂಪುಟದಲ್ಲಿಲ್ಲ. 'ಎ' ಅಕ್ಷರದ ಭಾಗ ಅಚ್ಚಾದದ್ದು 1893ರಲ್ಲಿ, ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಆ ಪದವನ್ನು ಟಂಕಿಸಿದ್ದು 1906ರಲ್ಲಿ. ಹಳೆಯ ಸಂಪುಟಗಳ ಪರಿಷ್ಕರಣೆಯನ್ನು ಸಂಪಾದಕರು ಈಗ ಕೈಗೆತ್ತಿಕೊಂಡಿದ್ದಾರೆ. ಸೀನಿನ ಪದವಿರುವ 'ಎನ್' ಅಕ್ಷರವೂ ಅದರೊಳಗೇ ಬರುತ್ತದೆ. 'ಸದ್ದಿನ ಅನುಕರಣೆ' ಎಂಬ ಒಂದು ಮಾತಿನ ಜಾಗದಲ್ಲಿ 'ಕ'ಕಾರ ಕಳೆದುಹೋದ ಈ ದಾರಿಯೂ ದಾಖಲಾದರೆ ಓದುಗರಿಗೆ ದೊಡ್ಡ ಉಪಕಾರ.

ನಿಘಂಟು ಸುಮ್ಮನಿದ್ದ ಕಡೆ ಬೇರೆ ಕಥೆ ಬಂದು ಕೂರುತ್ತದೆ. ಸ್ವೀಡನ್ನಿನಲ್ಲಿ ಯಾರಾದರೂ ಸೀನಿದರೆ ಪಕ್ಕದವರು 'ಪ್ರೂಸಿತ್' ಎನ್ನುತ್ತಾರೆ, ಸೀನಿದವರು 'ತಕ್', ಅಂದರೆ ಧನ್ಯವಾದ, ಎನ್ನುತ್ತಾರೆ. ನಮ್ಮಲ್ಲಿ ಮಗು ಸೀನಿದರೆ ಅಜ್ಜಿ 'ಚಿರಂಜೀವಿ' ಅನ್ನುವುದಿಲ್ಲವೇ, ಹಾಗೆ. ಸೀನಿದವರಿಗೆ ಹರಸುವ ರೂಢಿ ಪ್ಲೇಗಿನಿಂದ ಬಂತು, 590ರಲ್ಲಿ ಪೋಪ್ ಗ್ರೆಗರಿ ಅಪ್ಪಣೆ ಮಾಡಿದ್ದು ಎಂಬ ವಿವರಣೆ ಕೋವಿಡ್ ಕಾಲದಿಂದ ಈಚೆಗೆ ಮತ್ತೆ ಜೋರಾಗಿ ಹರಿದಾಡುತ್ತಿದೆ. ಕಾಲದ ಲೆಕ್ಕವೇ ಅದನ್ನು ತಳ್ಳಿಹಾಕುತ್ತದೆ. ಕ್ರಿ.ಶ. 79ರಲ್ಲಿ ತೀರಿಕೊಂಡ ರೋಮಿನ ಲೇಖಕ ಪ್ಲಿನಿ ಸೀನಿದವರಿಗೆ ನಾವೇಕೆ ಹರಸುತ್ತೇವೆ ಎಂದು ಆಗಲೇ ಕೇಳಿದ್ದಾನೆ. ಸದಾ ಮುಖ ಗಂಟಿಕ್ಕಿಕೊಂಡಿರುತ್ತಿದ್ದ ಚಕ್ರವರ್ತಿ ಟೈಬೀರಿಯಸ್ ಗಾಡಿಯಲ್ಲಿ ಹೋಗುವಾಗಲೂ ಈ ಹರಕೆಯನ್ನು ಬಯಸುತ್ತಿದ್ದನಂತೆ ಎಂದೂ ಬರೆದಿದ್ದಾನೆ. ಅದಕ್ಕೂ ಎಷ್ಟೋ ಹಿಂದೆ, ಹೋಮರನ ಒಡಿಸ್ಸಿಯಲ್ಲಿ ಟೆಲಿಮಾಕಸ್ ಮನೆ ಮೊಳಗುವಂತೆ ಸೀನಿದಾಗ ತಾಯಿ ಪೆನೆಲೊಪೆ ತನ್ನ ಮಾತಿಗೆ ಅದು ಶುಭಸೂಚನೆಯೆಂದು ನಗುತ್ತಾಳೆ. ಸೀನಿಗೆ ಅರ್ಥ ಹಚ್ಚುವುದಕ್ಕೆ, ಮರುಮಾತು ಹೇಳುವುದಕ್ಕೆ ಪ್ಲೇಗ್ ಬೇಕಾಗಿರಲಿಲ್ಲ. ಬಗಲು, ತೊಡೆಸಂದಿಯಲ್ಲಿ ಗಡ್ಡೆ ಏಳಿಸುವ ಆ ರೋಗಕ್ಕೆ ಸೀನು ಮುಖ್ಯ ಲಕ್ಷಣವೂ ಅಲ್ಲ.

'ಪ್ರೂಸಿತ್' ಎಂಬ ಮಾತಿನಲ್ಲಿ ರೋಗದ ಸುಳಿವೇ ಇಲ್ಲ. ಅದು ಲ್ಯಾಟಿನ್, 'ಒಳ್ಳೆಯದಾಗಲಿ' ಎಂದಷ್ಟೇ ಅರ್ಥ. ಅದೇ ಪದವನ್ನು ಜರ್ಮನ್ನರು ಬಟ್ಟಲೆತ್ತಿ ಕುಡಿಯುವಾಗ ಹೇಳುತ್ತಾರೆ, 'ಪ್ರೋಸ್ಟ್' ಎಂದು ಮೊಟಕು ಮಾಡಿಕೊಂಡು. ಸೀನಿಗೆ ಅವರದು ಆರೋಗ್ಯ ಎಂಬರ್ಥದ 'ಗೆಜುಂಡ್‌ಹೈಟ್'. ಸ್ವೀಡನ್ನಿನವರು ಬಟ್ಟಲಿಗೆ ತಮ್ಮದೇ 'ಸ್ಕೋಲ್' ಇಟ್ಟುಕೊಂಡು ಲ್ಯಾಟಿನ್ನನ್ನು ಸೀನಿಗೆ ಬಿಟ್ಟುಕೊಟ್ಟರು.